ರಸ್ಕು

ಮೊದಲು ಚಿಲಕ. ಆಮೇಲೆ ಅಡುಗೆಮನೆಯ ಬಾಗಿಲು.
ಆಮೇಲೆ ಒಂದು ತುಂಡು ರಸ್ಕನ್ನು ಸಿಲಿಂಡರಿನ ಸಂದಿಗೆ ಎಸೆದು
ಅದರ ಹಿಂದೆ ಅವನು ನುಗ್ಗುವಷ್ಟರಲ್ಲಿ
ನಾನು ಹೊರಗೆ, ಅವನು ಒಳಗೆ.
ಇಷ್ಟೇ ಕೆಲಸ. ಹೇಳುವುದಕ್ಕೆ.

ಲಿಂಗರಾಜಪುರದ ಈ ಮನೆಗೆ ಮೆಟ್ಟಿಲು ಇಪ್ಪತ್ತಮೂರು.
ಮೂರನೆಯದರಲ್ಲೇ ಮುದ್ದೆಗೆ ಗೊತ್ತಾಗುತ್ತದೆ
ಬರುತ್ತಿರುವ ಕಾಲು ನಮ್ಮದಲ್ಲವೆಂದು.
ಮೊದಲೆಲ್ಲ ಬೀದಿಯ ತಿರುವಿನಲ್ಲೇ ಗೊತ್ತಾಗುತ್ತಿತ್ತು.
ಈಗ ಸದ್ದಿಲ್ಲದ ಬ್ಯಾಟರಿ ಗಾಡಿ ಬಂದು
ಪಾಪ, ಅವನ ಅರ್ಧ ಕಸುಬು ಹೋಯಿತು.

ರಾಗಿಯ ಬಣ್ಣ, ಅದಕ್ಕೇ ಮುದ್ದೆ.
ಮೋರಿಗೆಂದು ಅಗೆದು ಮರೆತ ಗುಂಡಿಯಲ್ಲಿ ಸಿಕ್ಕವನು.
ಅಲ್ಲಿ ಹೆಲ್ಮೆಟ್ಟಿನ ಯಾರು ಏನು ಮಾಡಿದ್ದರೋ,
ಇವತ್ತಿಗೂ ಹೆಲ್ಮೆಟ್ಟು ಕಂಡರೆ
ಬೆನ್ನಿನ ಕೂದಲು ಬಟ್ಟೆ ಉಜ್ಜುವ ಬ್ರಷ್ಷು.

‘ಓಟಿಪಿ ಹೇಳಿ ಅಕ್ಕಾ!’
‘ಐದು—’ ಬೌ ‘—ಎರಡು—’ ಬೌ ಬೌ
‘ಎರಡು ಎರಡಾ, ಒಂದೇ ಎರಡಾ?’
ಎದುರುಮನೆ ಫಿಲೋಮಿನಮ್ಮ ಕಿಟಕಿಯಿಂದಲೇ
ನಾಲ್ಕೂ ಅಂಕಿ ಒಪ್ಪಿಸಿಬಿಡುತ್ತಾಳೆ.
ನಮ್ಮ ಮನೆಯ ಗುಟ್ಟೆಲ್ಲ ನಾಲ್ಕು ಅಂಕಿಯವು,
ಬೀದಿಗೆಲ್ಲ ಬಾಯಿಪಾಠ.

ಹಗ್ಗ ಕಟ್ಟಿ ಬಕೆಟ್ಟು ಇಳಿಸಿಯೂ ನೋಡಿದೆ.
ಮೊಸರು ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿತು.

ಒಂದು ರಾತ್ರಿ ಚಿಲಕ ಜಾರಿತ್ತು.
‘ಏನೂ ಮಾಡಲ್ಲ, ಏನೂ ಮಾಡಲ್ಲ’ ಅನ್ನುತ್ತಲೇ ಇದ್ದೆ ನಾನು.
ಹುಡುಗ ಹಿಂದೆ ಹಿಂದೆ ಸರಿದು ಆರು ಮೆಟ್ಟಿಲು ಉರುಳಿದ.
ಗೋಡೆಯ ಮೇಲೆ ಸಾಂಬಾರು, ಮೊಣಕೈಯಲ್ಲಿ ರಕ್ತ.
ಕೂತಲ್ಲಿಂದಲೇ ಕೇಳಿದ:
‘ಕಂಪ್ಲೇಂಟ್ ಹಾಕಲ್ಲ ತಾನೇ ಮೇಡಂ?’
ಅರಿಸಿನ ಹಚ್ಚಿದೆ. ಐದು ಚುಕ್ಕಿ ಒತ್ತಿದೆ.
ಮುದ್ದೆ ನಿಜಕ್ಕೂ ಏನೂ ಮಾಡಿರಲಿಲ್ಲ.
ಮಾಡಿದ್ದು ಯಾರು ಅಂತ
ಗೋಡೆ ಉಜ್ಜುತ್ತ ಉಜ್ಜುತ್ತ ಹೊಳೆಯಿತು.
ಕಲೆ ಇನ್ನೂ ಇದೆ, ಏಳನೇ ಮೆಟ್ಟಿಲ ಪಕ್ಕ.

ಹೋದ ಮಂಗಳವಾರ ಡಬ್ಬಿಯಲ್ಲಿ ರಸ್ಕು ಮುಗಿದಿತ್ತು.
ತರಿಸಿದೆ. ಫೋನಿನಲ್ಲಿ ಹೆಸರು ಯಲ್ಲಾಲಿಂಗ,
ಕೆಳಗೆ ಸಣ್ಣಕ್ಷರ: ಇವರಿಗೆ ಕಿವಿ ಕೇಳಿಸುವುದಿಲ್ಲ.
ಎಸೆಯಲು ತುಂಡಿಲ್ಲದೆ ಕೊರಳಪಟ್ಟಿ ಬಿಗಿಹಿಡಿದು
ಬಾಗಿಲು ತೆರೆದರೆ
ಹತ್ತಿ ಬಂದ, ಇಗರ್ಜಿಯ ಮೆಟ್ಟಿಲು ಹತ್ತುವವನ ಹಾಗೆ.
ಮುದ್ದೆ ತನ್ನಲ್ಲಿದ್ದ ಬೊಗಳನ್ನೆಲ್ಲ ಖರ್ಚು ಮಾಡಿದ.
ಅದು ಯಾರಿಗೂ ತಲುಪಲಿಲ್ಲ,
ವಿಳಾಸ ತಪ್ಪಿದ ಪೊಟ್ಟಣದಂತೆ ಮೆಟ್ಟಿಲ ಮೇಲೇ ಉಳಿಯಿತು.

ಅವನು ನಾಲ್ಕು ಬೆರಳೆತ್ತಿದ: ಓಟಿಪಿ.
ಮೂರು ತೋರಿಸಿದೆ, ಒಂದು ತೋರಿಸಿದೆ, ಎರಡು.
ಕೊನೆಯದು ಏಳು.
ಏಳಕ್ಕೆ ಒಂದು ಕೈ ಸಾಲದು.
ಐದೇ ಬೆರಳು ಮತ್ತೆ ಮತ್ತೆ ಬೀಸಿದೆ,
ಅವನಿಗೆ ಅರ್ಥವಾಗಲಿಲ್ಲ.
ಇನ್ನೊಂದು ಕೈಯಲ್ಲಿ ಮುದ್ದೆ.

ಬಿಟ್ಟೆ.

ಯಲ್ಲಾಲಿಂಗ ಅಷ್ಟರಲ್ಲಿ ಹೆಲ್ಮೆಟ್ಟು ತೆಗೆದು
ಮೆಟ್ಟಿಲ ಮೇಲಿಟ್ಟು ಪಕ್ಕದಲ್ಲಿ ಕುಕ್ಕರಿಸಿದ್ದ.
ಮುದ್ದೆ ಹೆಲ್ಮೆಟ್ಟು ಮೂಸಿದ. ಅವನನ್ನು ಮೂಸಿದ.
ಹೊಟ್ಟೆಯಾಳದಲ್ಲಿ ಗುರ್ರೆಂದ.
ಅವನು ಮುದ್ದೆಯ ಗಂಟಲ ಮೇಲೆ ಅಂಗೈಯಿಟ್ಟು
ಕಣ್ಣು ಕಿರಿದು ಮಾಡಿದ,
ರೇಡಿಯೋ ತಿರುಗಿಸುವವರ ಹಾಗೆ.
ಏನೋ ಸಿಕ್ಕಿತು. ನಕ್ಕ.
ನನ್ನ ಏಳು ಬೆರಳು ಗಾಳಿಯಲ್ಲಿ ಹಾಗೇ ನಿಂತಿದ್ದವು.

ಫೋನು ನಡುಗಿತು, ಎದ್ದುಹೋದ.

ಇವತ್ತು ಬೆಳಿಗ್ಗೆ ಮತ್ತೆ ಗಂಟೆ, ಬೇರೆ ಹುಡುಗ.
ಚಿಲಕ. ಅಡುಗೆಮನೆಯ ಬಾಗಿಲು.
ಹೊಸ ಪೊಟ್ಟಣದ ಮೊದಲ ತುಂಡು.
ಒಳಗಿನಿಂದ ಬೊಗಳು ಜೋರಾಗಿಯೇ ಬಂತು.
ಬಾಗಿಲಿಗೆ ಅಂಗೈ ಆನಿಸಿ
ಒಂದು ಗಳಿಗೆ ನಿಂತೆ.
‘ಅಕ್ಕಾ, ಓಟಿಪಿ’ ಅಂದ ಹುಡುಗ.